ಕೊಟ್ಟಿಗೆಗೆ ಮಣ್ಣು-ಹುಲ್ಲಿನ ಗೋಡೆ: ಕೈಯಾರೆ ಕಲಿಯುವ ಪಾಠ

ಅಕ್ಕ-ತಂಗಿಯರೆ, ಬೇಸಿಗೆಯ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಕೊಟ್ಟಿಗೆಯೊಳಗೆ ಹತ್ತು ನಿಮಿಷ ನಿಂತು ನೋಡಿದ್ದೀರಾ? ತಗಡಿನ ಕೆಳಗೆ ನಮಗೇ ತಲೆ ಸುತ್ತುತ್ತದೆ. ಆಕಳು ಬಾಯಿ ತೆರೆದು ತೇಕುತ್ತದೆ, ಜೊಲ್ಲು ಸುರಿಸುತ್ತದೆ, ಮುಂದಿರುವ ಮೇವನ್ನು ಮೂಸುವುದೂ ಇಲ್ಲ. ಎಚ್‌ಎಫ್ ಮಿಶ್ರತಳಿಗೆ 25-27 ಡಿಗ್ರಿ ದಾಟಿದರೆ ಸಂಕಟ ಶುರು. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಹೊಸದೇನಲ್ಲ. ಮೇವು ಕಡಿಮೆ, ಮೆಲುಕು ಕಡಿಮೆ, ಸಂಜೆ ಸಂಘದಲ್ಲಿ ಅಳೆಯುವ ಹಾಲೂ ಕಡಿಮೆ. ಬೆದೆ ಸರಿಯಾಗಿ ಕಾಣದೆ ಗರ್ಭ ನಿಲ್ಲುವುದೂ ತಡವಾಗುತ್ತದೆ.

ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ದನ-ಮನುಷ್ಯರು ಒಂದೇ ಸೂರಿನಡಿ ಇದ್ದರು. ಎರಡು ಅಡಿ ದಪ್ಪದ ಮಣ್ಣಿನ ಗೋಡೆ ಹಗಲಿನ ಬಿಸಿಲನ್ನು ನಿಧಾನವಾಗಿ ಹೀರುತ್ತಿತ್ತು. ಅದು ಒಳಗೆ ಮುಟ್ಟುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದ. ದನ ಮತ್ತು ಮಣ್ಣಿನ ಈ ನಂಟು ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ಬಳ್ಳಾರಿ-ಹೊಸಪೇಟೆ ರಸ್ತೆಯ ಕುಡತಿನಿ ಬಳಿಯ ಬೂದಿದಿಬ್ಬ ಸಾವಿರಾರು ವರ್ಷಗಳ ಹಿಂದಿನ ದನಗಾಹಿಗಳ ಕಾಲದ ಸುಟ್ಟ ಸಗಣಿಯದು. ತೆಕ್ಕಲಕೋಟೆಯ ಗುಡ್ಡದ ಮೇಲೆ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆದಾಗ ನವಶಿಲಾಯುಗದ ಜನರ ದುಂಡು ಗುಡಿಸಲುಗಳ ಗುರುತು ಸಿಕ್ಕವು. ತಡಿಕೆಗೆ ಮಣ್ಣು ಮೆತ್ತಿದ ಗೋಡೆಗಳು ಅವು.

ಇಷ್ಟು ಹಳೆಯ ಕೆಲಸ ನನಗೆ ಬರುತ್ತದೆ ಎಂದುಕೊಂಡಿದ್ದೆ. ಬರುತ್ತಿರಲಿಲ್ಲ.

ನಮ್ಮ ಮನೆ ಹೇಮಗುಡ್ಡದ ಹತ್ತಿರ. ಕೊಟ್ಟಿಗೆಗೆ ಪಶ್ಚಿಮದ ಬಿಸಿಲು ನೇರ ಹೊಡೆಯುತ್ತಿತ್ತು. ಅದಕ್ಕೆ ಅಡ್ಡ ಒಂದು ಮಣ್ಣಿನ ಗೋಡೆ ಹಾಕೋಣವೆಂದು ತವರಿನ ಗದ್ದೆಯಿಂದ ಎರೆಮಣ್ಣು ತರಿಸಿದೆ. ಜಿಗಟು ಜಾಸ್ತಿ ಇದ್ದಷ್ಟೂ ಗೋಡೆ ಗಟ್ಟಿ ಎಂಬ ಲೆಕ್ಕ ನನ್ನದು. ಹದಿನೈದು ದಿನಕ್ಕೆ ಗೋಡೆ ತುಂಬ ಬೆರಳು ತೂರುವಷ್ಟು ಬಿರುಕು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು, ಗೋಡೆಯೂ ಬಾಯಿ ಬಿಡುತ್ತದೆ ಎಂಬುದು ಹೊಳೆಯಲಿಲ್ಲ. ಬಿರುಕಿಗೆ ಮೇಲೆ ಮೇಲೆ ಸಗಣಿ ಸಾರಿಸಿ ಸುಮ್ಮನಾದೆ.

ಮಳೆಗಾಲದಲ್ಲಿ ಆಕಳಿಗೆ ವಿಪರೀತ ಜ್ವರ, ಭುಜದ ಮುಂದೆ ಗಂಟು. ಬಂದ ಡಾಕ್ಟರು ಥೈಲೇರಿಯಾ ಎಂದರು. ಸೂಜಿ ಹಾಕಿದ ಮೇಲೆ ಟಾರ್ಚ್ ಹಿಡಿದು ಆ ಬಿರುಕುಗಳ ಒಳಗೆ ನೋಡಿದರು. ಉಣ್ಣೆಗಳು ಸಾಲಾಗಿ ಕೂತಿದ್ದವು. ರಕ್ತ ಕುಡಿದ ಹೆಣ್ಣು ಉಣ್ಣೆ ದನದ ಮೈಯಿಂದ ಉದುರಿ ಇಂಥ ಸಂದಿಗಳಲ್ಲೇ ಸಾವಿರಾರು ಮೊಟ್ಟೆ ಇಡುತ್ತದೆ. ಆಕಳು ಉಳಿಯಿತು, ಆದರೆ ಆ ಸೂಲಿನ ಹಾಲು ಮೊದಲಿನಂತೆ ಬರಲಿಲ್ಲ. ಮನೆಯ ಗೋಡೆ ಬಿರಿದರೆ ನೋಡಲು ಚೆಂದ ಕಾಣದು, ಅಷ್ಟೆ. ಕೊಟ್ಟಿಗೆಯ ಗೋಡೆ ಬಿರಿದರೆ ದನಕ್ಕೆ ರೋಗ. ಆದ್ದರಿಂದ ಕೆಳಗೆ ಬರೆದ ಪರೀಕ್ಷೆಗಳನ್ನು ದಯವಿಟ್ಟು ಬಿಡಬೇಡಿ.

ನನಗೆ ಕೆಲಸ ಕಲಿಸಿದವರು ನಮ್ಮ ಓಣಿಯಲ್ಲಿ ಒಲೆ ಹಾಕಿಕೊಡುವ ಅಜ್ಜಿ. ಗೋಡೆ ನೋಡಿ ನಕ್ಕು, "ರೊಟ್ಟಿ ಬಡಿಯೋ ಮುಂದ ಹಿಟ್ಟಿಗೆ ಜಿಗಿ ಐತೋ ಇಲ್ಲೋ ನೋಡ್ತಿಯಲ್ಲವ್ವ, ಮಣ್ಣಿಂದು ಯಾಕ ನೋಡಲಿಲ್ಲ?" ಎಂದರು.

ಮಣ್ಣು ನೋಡುವುದು ಹೀಗೆ. ಮೇಲಿನ ಒಂದು ಅಡಿ ಮಣ್ಣನ್ನು ಬಿಡಿ. ಅದರಲ್ಲಿ ಬೇರು, ಗೊಬ್ಬರ ಇರುತ್ತದೆ, ಅದು ಬೆಳೆಗೆ ಇರಲಿ. ಅದರ ಕೆಳಗಿನ ಕೆಂಪು ಮಸಾರಿ ಮಣ್ಣು ತೆಗೆದು ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಪಾಲು ತುಂಬಿ, ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಉಸುಕು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ, ನುಣುಪು ಜೇಡಿ ಎಲ್ಲಕ್ಕಿಂತ ಮೇಲೆ ಮರುದಿನದ ಹೊತ್ತಿಗೆ ಕೂರುತ್ತದೆ. ಕೂತ ಮಣ್ಣಿನಲ್ಲಿ ಜೇಡಿ ಐದರಲ್ಲಿ ಒಂದು ಪಾಲು ಇದ್ದರೆ ಒಳ್ಳೆಯದು. ಮೂರರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಉಸುಕು ಬೆರೆಸಲೇಬೇಕು.

ಆಮೇಲೆ ಮೂರು ಹೆಂಟೆ ಮಾಡಿ. ಒಂದು ಬರೀ ಮಣ್ಣಿನದು, ಇನ್ನೊಂದು ಮೂರು ಪಾಲು ಮಣ್ಣಿಗೆ ಒಂದು ಪಾಲು ಉಸುಕು, ಮತ್ತೊಂದು ಎರಡಕ್ಕೆ ಒಂದು. ಮೂರಕ್ಕೂ ಹುಲ್ಲು ಬೆರೆಸಿ. ನೆರಳಲ್ಲಿ ಒಂದು ವಾರ ಒಣಗಲಿ. ಉಗುರಿನಿಂದ ಕೆರೆದರೆ ಪುಡಿ ಉದುರಬಾರದು, ಬಿರುಕೂ ಇರಬಾರದು. ನನಗೆ ಎರಡಕ್ಕೆ ಒಂದು ಸರಿಹೊಂದಿತು. ನಿಮ್ಮ ಮಣ್ಣು ಬೇರೆ ಇರಬಹುದು. ಒಂದೇ ಊರಿನ ಎರಡು ಹೊಲಗಳ ಮಣ್ಣೇ ಬೇರೆ ಇರುತ್ತದೆ.

ಹುಲ್ಲಿನ ವಿಷಯ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಹುಲ್ಲಿಗೆ ಇಲ್ಲಿ ಬರವಿಲ್ಲ. ಆದರೂ ಒಳ್ಳೆಯ ಹುಲ್ಲು ದನದ ಬಾಯಿಗೇ ಹೋಗಲಿ. ಗೋಡೆಗೆ ಗೋದಲಿಯಲ್ಲಿ ಮೇದು ಬಿಟ್ಟ ಕಡ್ಡಿ ಸಾಕು, ಒಣಗಿಸಿ ಕೂಡಿಡಿ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಬೇಗ ಕೊಳೆಯುವುದಿಲ್ಲ. ಬೂಸ್ಟು ಹಿಡಿದದ್ದು ಮಾತ್ರ ದನಕ್ಕೂ ಬೇಡ, ಗೋಡೆಗೂ ಬೇಡ. ಹತ್ತು ಪುಟ್ಟಿ ಮಣ್ಣಿಗೆ ಎರಡು ಪುಟ್ಟಿ ಹುಲ್ಲು. ಗೋಡೆಗೆ ಗೇಣುದ್ದ, ಮೇಲಿನ ಗಿಲಾವಿಗೆ ಎರಡು ಬೆರಳಷ್ಟು ಕತ್ತರಿಸಿದ್ದು.

ಮಣ್ಣನ್ನು ಹಿಂದಿನ ದಿನವೇ ನೆನೆಹಾಕಿ, ಹುಲ್ಲು ಉದುರಿಸುತ್ತ ಕಾಲಿನಿಂದ ತುಳಿಯಬೇಕು. ನಾವು ನಾಲ್ಕು ಜನ ಮುಯ್ಯಾಳು ಲೆಕ್ಕದಲ್ಲಿ ಮಾಡಿದೆವು. ತುಳಿದು ತುಳಿದು ಮಣ್ಣು ಹಿಮ್ಮಡಿಗೆ ಅಂಟಿ ಎಳೆಯತೊಡಗಿದರೆ ಹದ ಬಂತು. ಒಂದು ಉಂಡೆ ಮಾಡಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ರೊಟ್ಟಿಯಂತೆ ಹರಡಿದರೆ ನೀರು ಹೆಚ್ಚು, ಚೂರಾದರೆ ಉಸುಕು ಹೆಚ್ಚು ಅಥವಾ ನೀರು ಸಾಲದು. ಸ್ವಲ್ಪ ಚಪ್ಪಟೆಯಾಗಿ ಉಂಡೆಯಾಗೇ ಉಳಿದರೆ ಗೋಡೆಗೆ ಹಾಕಿ.

ಮಣ್ಣಿನ ಗೋಡೆಗೆ ಮೇಲಿಂದ ಮಳೆ, ಕೆಳಗಿಂದ ಗಂಜಲ ತಾಗಬಾರದು. ಅದಕ್ಕೆ ತಳಪಾಯದಿಂದ ನೆಲದ ಮೇಲೆ ಎರಡು ಅಡಿವರೆಗೆ ಕಲ್ಲಿನ ಕಟ್ಟಡವೇ ಇರಲಿ; ಕಲ್ಲಿಗೇನು ನಮ್ಮಲ್ಲಿ ಕೊರತೆ? ಇದನ್ನು ಗೌಂಡಿಯ ಕೈಯಲ್ಲೇ ಮಾಡಿಸಿದೆ. ಅದರ ಮೇಲೆ ಒಂದೂಕಾಲು ಅಡಿ ದಪ್ಪಕ್ಕೆ ಮಣ್ಣಿನ ಮುದ್ದೆಗಳನ್ನು ಒತ್ತಿ ಒತ್ತಿ ಕೂರಿಸುತ್ತ ಹೋಗಬೇಕು. ದಿನಕ್ಕೆ ಒಂದು ಅಡಿ ಎತ್ತರ ಸಾಕು. ಎರಡು-ಮೂರು ದಿನ ಒಣಗಿದ ಮೇಲೆ ಮುಂದಿನ ಅಡಿ. ಎಂಟು ಅಡಿ ಉದ್ದದ ಗೋಡೆಗೆ ಮೂರು ಅಡಿ ಮಣ್ಣು ಏರಿಸಲು ಹತ್ತು ದಿನ ಹಿಡಿಯಿತು. ಮೇಲೆ ಗಾಳಿಗೆ ಖಾಲಿ ಬಿಟ್ಟೆವು. ನಾಲ್ಕೂ ಕಡೆ ಸೂರಿನವರೆಗೆ ಮುಚ್ಚಿದರೆ ಒಳಗೆ ಸೆಕೆ ಇನ್ನೂ ಹೆಚ್ಚುತ್ತದೆ. ಚಾವಣಿ ಗೋಡೆಯಿಂದ ಎರಡೂವರೆ ಅಡಿಯಾದರೂ ಹೊರಗೆ ಚಾಚಿರಬೇಕು.

ಗಿಲಾವಿಗೆ ಜರಡಿ ಹಿಡಿದ ಮಣ್ಣು, ಉಸುಕು, ಸಣ್ಣ ಹುಲ್ಲು, ಸಗಣಿ ಕಲಸಿ ಮೂರು-ನಾಲ್ಕು ದಿನ ಕಳಿಯಲು ಬಿಡಿ. ಗೋಡೆಗೆ ನೀರು ಚಿಮುಕಿಸಿ ಅಂಗೈಯಿಂದ ಮೆತ್ತಿ. ಪೂರ್ತಿ ಒಣಗಿದ ಮೇಲೆ ಸುಣ್ಣ. ಸುಣ್ಣ ಅರಳಿಸುವಾಗ ಮಕ್ಕಳು ಹತ್ತಿರ ಇರದಂತೆ ನೋಡಿಕೊಳ್ಳಿ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಒಣಗುವವರೆಗೆ ದನ ಕಟ್ಟಬೇಡಿ. ಇನ್ನೊಂದು ಮಾತು: ಆಕಳು ಮಣ್ಣಿನ ಗೋಡೆಯನ್ನು ನೆಕ್ಕುತ್ತಲೇ ಇದ್ದರೆ ಗೋಡೆಯನ್ನು ಬೈಯಬೇಡಿ, ಲವಣ ಮಿಶ್ರಣ ಸಾಲದೆ ಇರಬಹುದು. ಪಶುವೈದ್ಯರನ್ನು ಕೇಳಿ.

ಗೋಡೆಯೊಂದರಿಂದಲೇ ಕೊಟ್ಟಿಗೆ ತಂಪಾಗದು. ಹೆಚ್ಚು ಶಾಖ ಬರುವುದು ತಗಡಿನಿಂದ. ಕೈಯಲ್ಲಿ ಹಣ ಕಡಿಮೆ ಇದ್ದರೆ ಮೊದಲು ತಗಡಿನ ಮೇಲೆ ಸುಣ್ಣ ಬಳಿಯಿರಿ, ಅಥವಾ ಗೇಣು ದಪ್ಪ ಹುಲ್ಲು ಹೊದಿಸಿ. ಒಲೆ, ಕರೆಂಟಿನ ತಂತಿ ಹತ್ತಿರವಿದ್ದರೆ ಹುಲ್ಲು ಬೇಡವೇ ಬೇಡ. ದನ ನಿಲ್ಲುವ ನೆಲಕ್ಕೂ ಮಣ್ಣನ್ನು ನಾನು ಒಪ್ಪುವುದಿಲ್ಲ. ಗಂಜಲ ಇಂಗಿ ರಾಡಿಯಾದರೆ ಕೆಚ್ಚಲು ಬಾವು ಬರುತ್ತದೆ. ಜಾರದ ಒರಟು ಹಾಸುಗಲ್ಲು ಹಾಕಿ, ಐದು ಅಡಿಗೆ ಒಂದು ಅಂಗುಲ ಇಳಿಜಾರು ಕೊಡಿ. ಗೋಡೆಗೂ ನೀರಿನ ಭಯ ಹೆಚ್ಚಿರುವ ಜಾಗವಾದರೆ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗ ಇದರ ಮೇಲೆ ಬಹಳ ಕೆಲಸ ಮಾಡಿದೆ. ಸುಡುವ ಸೌದೆ ಉಳಿಯುತ್ತದೆ, ಆದರೆ ಯಂತ್ರ ಬೇಕು.

ಹೇಮಗುಡ್ಡದ ದಸರಾ ಹೊತ್ತಿಗೆ ಇನ್ನೂ ಮಳೆ ಇರುತ್ತದೆ. ದೀಪಾವಳಿ ಕಳೆದು ಭತ್ತ ಕೊಯ್ದ ಮೇಲೆ ಹಿಡಿದರೆ ಯುಗಾದಿಯೊಳಗೆ ಒಣಗಿ ಗಟ್ಟಿಯಾಗುತ್ತದೆ. ಬಾಟಲಿ ಪರೀಕ್ಷೆಯನ್ನು ಈಗಲೇ ಮಾಡಬಹುದು.

ನನ್ನ ಎರಡನೆಯ ಗೋಡೆ ಒಂದು ಮಳೆಗಾಲ ದಾಟಿದೆ. ಬಾಗಿಲ ಕಡೆಯ ಮೂಲೆಯಲ್ಲಿ ಆಕಳು ಮೈ ಉಜ್ಜಿ ಒಂದು ಮೊಳದಷ್ಟು ಗಿಲಾವು ಉದುರಿತ್ತು, ಮರುದಿನವೇ ಮೆತ್ತಿದೆ. ಹದಿನೈದು ದಿನಕ್ಕೊಮ್ಮೆ ಟಾರ್ಚ್ ಹಿಡಿದು ಕಲ್ಲು-ಮಣ್ಣು ಕೂಡುವ ಸಂದಿ ನೋಡುತ್ತೇನೆ, ಗೆದ್ದಲಿಗೂ ಉಣ್ಣೆಗೂ. ಹಳೆಯ ಎರೆಮಣ್ಣಿನ ಗೋಡೆಯನ್ನು ಕೆಡವಿ ಮತ್ತೆ ಹೊಲಕ್ಕೆ ಹಾಕಿಸಿದೆ. ಮಿಕ್ಕ ಮಸಾರಿ ಮಣ್ಣಿನಲ್ಲಿ ಅಜ್ಜಿ ಎರಡು ಒಲೆ ಹಾಕಿದರು, ಒಂದು ನಮಗೆ, ಒಂದು ಅವರ ಮಗಳಿಗೆ.