ಮೊದಲ ಎರರ್ ಮೊದಲು: ಕರ್ನೆಲ್ ಮಾಡ್ಯೂಲ್ ಬರೆಯುವ ಗಡಿನಾಡ ಮಕ್ಕಳಿಗೆ

ಮುರುಮ, ನಿಲಂಗಾ, ಉದಗೀರ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಲಿನಕ್ಸ್ ಕರ್ನೆಲ್ ಮಾಡ್ಯೂಲ್ ಬರೆಯಲು ಕೂತರೆ ಕಂಪೈಲರ್‌ನದು ನಾಲ್ಕನೆಯ ಭಾಷೆ. ಮೂರು ಕಲಿತವರು ಇದಕ್ಕೇಕೆ ಅಂಜಬೇಕು?

1. ಮೊದಲ ಎರರ್ ಹಿಡಿಯಿರಿ. ಪರದೆ ತುಂಬ ಎರರ್ ಸುರಿದಾಗ ಕಣ್ಣು ಕೊನೆಯ ಸಾಲಿಗೆ ಓಡುತ್ತದೆ. ಮೇಲಕ್ಕೆ ಹೋಗಿ. ಹೊಲದ ಮೇಲಿನ ಬದು ಒಡೆದಾಗ ಕೆಳಗಿನ ಬದು ಕಟ್ಟುತ್ತ ಕೂರುವವರುಂಟೇ? ಒಂದು ಸೆಮಿಕೋಲನ್ ಬಿಟ್ಟುಹೋದರೆ ಕೆಳಗಿನ ಸರಿಯಾದ ಸಾಲುಗಳೂ ತಪ್ಪಾಗಿ ಕಾಣುತ್ತವೆ. ಒಂದನ್ನು ತಿದ್ದಿ, ಮತ್ತೆ ಮೇಕ್ ಕೊಡಿ.

2. ‘ಬಿಲ್ಡ್’ ಡೈರೆಕ್ಟರಿಯೇ ಇಲ್ಲ ಎಂದರೆ ಕೋಡ್ ಮುಟ್ಟಬೇಡಿ. ‘ಯುನೇಮ್ -ಆರ್’ ತೋರಿಸುವ ಆವೃತ್ತಿಯದೇ ಹೆಡರ್ ಪ್ಯಾಕೇಜ್ ಹಾಕಿಕೊಳ್ಳಿ.

3. ‘ಮಿಸ್ಸಿಂಗ್ ಸೆಪರೇಟರ್’ ಕಂಡರೆ ಮೇಕ್‌ಫೈಲ್ ತೆರೆಯಿರಿ. ಕಮಾಂಡ್‌ನ ಮುಂದೆ ಸ್ಪೇಸ್ ಇದೆ, ಟ್ಯಾಬ್ ಬೇಕು. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೂ ತೊಂದರೆಯೇ.

4. ಪ್ರಿಂಟ್‌ಎಫ್ ಮರೆಯಿರಿ. ಕರ್ನೆಲ್ ಒಳಗೆ ಸಿ ಲೈಬ್ರರಿ ಇಲ್ಲ, ಹಾಗಾಗಿ ಎಸ್‌ಟಿಡಿಐಒ ಹೆಡರ್ ಸಿಗುವುದಿಲ್ಲ. ಅಲ್ಲಿ ಪ್ರಿಂಟ್‌ಕೆ ಇದೆ.

5. ಪುಸ್ತಕದ ವಯಸ್ಸು ಕೇಳಿ. ಹೊಸಬರು ಹೆಚ್ಚು ದಿನ ಕಳೆದುಕೊಳ್ಳುವುದು ಇಲ್ಲೇ ಎಂಬುದು ನನ್ನ ನಂಬಿಕೆ. ಕೈಯಿಂದ ಕೈಗೆ ದಾಟಿ ಬಂದ ಝೆರಾಕ್ಸ್ ನೋಟ್ಸ್ ಯಾವ ಕಾಲದ್ದೋ, ಲ್ಯಾಪ್‌ಟಾಪ್‌ನ ಕರ್ನೆಲ್ ಯಾವ ಕಾಲದ್ದೋ. ಎಲ್ಲರೂ ಹೆಸರಿಸುವ ‘ಲಿನಕ್ಸ್ ಡಿವೈಸ್ ಡ್ರೈವರ್ಸ್’ ಮೂರನೆಯ ಆವೃತ್ತಿ 2005ರದು, ಅದು ಕಲಿಸುವುದು 2.6.10 ಕರ್ನೆಲ್ಲನ್ನು. 2020ರ 5.6ರಲ್ಲಿ ಪ್ರೊಕ್ ಫೈಲ್‌ಗಳಿಗೆ ಫೈಲ್ ಆಪರೇಶನ್ಸ್ ಹೋಗಿ ಪ್ರೊಕ್ ಆಪ್ಸ್ ಬಂತು. 2023ರ 6.4ರಲ್ಲಿ ಕ್ಲಾಸ್ ಕ್ರಿಯೇಟ್‌ಗೆ ಒಂದೇ ಆರ್ಗ್ಯುಮೆಂಟ್ ಉಳಿಯಿತು. ಪುಸ್ತಕ ನೋಡಿ ಅಕ್ಷರ ತಪ್ಪದೆ ಬರೆದ ಹುಡುಗಿಗೆ ‘ಟೂ ಮೆನಿ ಆರ್ಗ್ಯುಮೆಂಟ್ಸ್’ ಎಂಬ ಉತ್ತರ ಬಂದರೆ ಅವಳು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಹಳಿದುಕೊಳ್ಳಬೇಡ ತಾಯಿ. ನಿನ್ನ ಯಂತ್ರದಲ್ಲಿರುವ ಹೆಡರ್ ಫೈಲ್ ತೆರೆದು ಆ ಫಂಕ್ಷನ್ ಹುಡುಕು. ಇಂದಿನ ರೂಪ ಅಲ್ಲೇ ಬರೆದಿದೆ, ಅದೇ ಪ್ರಮಾಣ.

6. ‘ಸ್ಟ್ರೇ \342’ ಎಂದರೆ ವಾಟ್ಸ್ಆಪ್‌ನಿಂದಲೋ ಪಿಡಿಎಫ್‌ನಿಂದಲೋ ನಕಲು ಮಾಡಿದಾಗ ಬಾಗಿದ ಉದ್ಧರಣ ಚಿಹ್ನೆ ನುಸುಳಿದೆ. ಅಳಿಸಿ, ಕೈಯಿಂದಲೇ ಟೈಪ್ ಮಾಡಿ.

7. ಮಾಡ್ಯೂಲ್ ಲೈಸೆನ್ಸ್ ಸಾಲು ಬಿಡಬೇಡಿ. ಅದಿಲ್ಲದಿದ್ದರೆ ಇಂದಿನ ಕರ್ನೆಲ್‌ಗಳಲ್ಲಿ ಮಾಡ್‌ಪೋಸ್ಟ್ ಹಂತದಲ್ಲೇ ಬಿಲ್ಡ್ ನಿಲ್ಲುತ್ತದೆ.

8. ಕಂಪೈಲ್ ಆಯಿತೆಂದು ಮನೆಗಿರುವ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇನ್ಸ್‌ಮಾಡ್ ಒತ್ತಬೇಡಿ. ಕರ್ನೆಲ್ ಒಳಗಿನ ಒಂದು ತಪ್ಪು ಪಾಯಿಂಟರ್ ಇಡೀ ಯಂತ್ರವನ್ನೇ ನಿಲ್ಲಿಸಬಲ್ಲದು. ವರ್ಚುವಲ್ ಮಶೀನ್‌ನಲ್ಲಿ ಪರೀಕ್ಷಿಸಿ, ಡಿಮೆಸೆಜ್ ಓದಿ.

9. ಕಂಡ ಎರರ್, ಅದರ ಕಾರಣ, ತಿದ್ದಿದ ಸಾಲು ಮೂರನ್ನೂ ಒಂದು ವಹಿಯಲ್ಲಿ ಕನ್ನಡದಲ್ಲೇ ಬರೆದಿಡಿ. ಮುಂದಿನ ವರ್ಷ ನಿಮ್ಮೂರಿಂದ ಇದೇ ದಾರಿಗೆ ಬರುವ ತಮ್ಮ ತಂಗಿಯರ ಕೈಗೆ ಆ ವಹಿ ಕೊಡಿ.