ಗುಳಿಗೆ ಬ್ಯಾಗಿಗಲ್ಲ, ರಕ್ತಕ್ಕೆ ಸೇರಲಿ: ಇಲಿಯಾಸ್ಟಮಿ ಆದವರಿಗೆ 6 ಸೂತ್ರಗಳು

ಟೈಫಾಯ್ಡ್‌ನಿಂದಲೋ ಟಿಬಿಯಿಂದಲೋ ಸಣ್ಣ ಕರುಳು ತೂತಾಗಿ ಇಲಿಯಾಸ್ಟಮಿ (ಕರುಳನ್ನು ಹೊಟ್ಟೆಯ ಮೇಲೆ ತೆರೆದು ಬ್ಯಾಗ್ ಜೋಡಿಸುವ ಆಪರೇಷನ್) ಆಗಿದೆಯೇ? ಬ್ಯಾಗ್ ಕಟ್ಟಿಕೊಂಡೇ ಮಾನ್ವಿಯಿಂದ ಕಾಲೇಜಿಗೆ, ದೇವದುರ್ಗದಿಂದ ರಾಯಚೂರಿನ ಆಫೀಸಿಗೆ ಬಸ್ ಹತ್ತಬೇಕೇ? ಧೈರ್ಯವಾಗಿ ಹತ್ತಿ. ನುಂಗಿದ ಗುಳಿಗೆ ಮೈಗೆ ಹತ್ತುವಂತೆಯೂ ನೋಡಿಕೊಳ್ಳಿ.

1. ಅನುಮಾನ ಬಿಡಿ. "ತಿಂದದ್ದೆಲ್ಲ ಹರಿದು ಹೋಗುತ್ತೆ, ಗುಳಿಗೆ ಯಾಕೆ?" ಎಂದು ಡೋಸ್ ತಪ್ಪಿಸಬೇಡಿ. ಹೆಚ್ಚಿನ ಔಷಧಿಗಳು ಸಣ್ಣ ಕರುಳಿನ ಮೊದಲ ಭಾಗದಲ್ಲೇ ರಕ್ತಕ್ಕೆ ಸೇರುತ್ತವೆ. ಸಾಮಾನ್ಯವಾಗಿ ಆ ಭಾಗ ನಿಮ್ಮಲ್ಲಿ ಹಾಗೇ ಇರುತ್ತದೆ.

2. ಸ್ಟ್ರಿಪ್ ಓದಿ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಆರ್ ಇದ್ದರೆ ಅದು 12ರಿಂದ 24 ಗಂಟೆ ನಿಧಾನವಾಗಿ ಕರಗುವ ಗುಳಿಗೆ. ನಿಮ್ಮಲ್ಲಿ ಅದು ದೊಡ್ಡ ಕರುಳಿಗೆ ಹೋಗುವುದೇ ಇಲ್ಲ; ಪೂರ್ತಿ ಕರಗುವ ಮೊದಲೇ ಬ್ಯಾಗಿಗೆ ಬೀಳಬಹುದು. ಎಂಟೆರಿಕ್ ಕೋಟೆಡ್ ಗುಳಿಗೆಯಲ್ಲೂ ಈ ರಿಸ್ಕ್ ಇದೆ: ಅದರ ಲೇಪನ ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲೇ ಕರಗಬೇಕು. "ನನಗೆ ಇಲಿಯಾಸ್ಟಮಿ ಆಗಿದೆ, ಸಾದಾ ಗುಳಿಗೆ ಅಥವಾ ಸಿರಪ್ ಇದೆಯಾ?" ಎಂದು ಡಾಕ್ಟರನ್ನು ಕೇಳಿ, ಮೆಡಿಕಲ್ ಶಾಪ್‌ನಲ್ಲೂ ಹೇಳಿ. ಎಸ್‌ಆರ್ ಗುಳಿಗೆಯನ್ನು ಮನೆಯಲ್ಲಿ ಕುಟ್ಟಿ ಪುಡಿ ಮಾಡಲೇಬೇಡಿ. ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ.

3. ಬ್ಯಾಗ್ ಖಾಲಿ ಮಾಡುವಾಗ ಕಣ್ಣಾಡಿಸಿ. ಇಡೀ ಗುಳಿಗೆ ಕಂಡರೆ ಫೋಟೋ ತೆಗೆಯಿರಿ, ಸ್ಟ್ರಿಪ್ ಜೊತೆ ಡಾಕ್ಟರಿಗೆ ತೋರಿಸಿ. ರಿಮ್ಸ್ ಆಸ್ಪತ್ರೆ ರಾಯಚೂರಿನಲ್ಲೇ ಇದೆ, ಸಂಕೋಚ ಬೇಡ. ನೀವೇ ಎರಡನೇ ಗುಳಿಗೆ ನುಂಗಬೇಡಿ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಎಸ್‌ಆರ್‌ನಲ್ಲಿ ಕೆಲವೊಮ್ಮೆ ಔಷಧಿ ಇಳಿದ ಮೇಲೂ ಖಾಲಿ ಸಿಪ್ಪೆ ಗುಳಿಗೆಯಂತೆಯೇ ಹೊರಬರುತ್ತದೆ. ಕಂಡದ್ದು ಗುಳಿಗೆಯೋ ಸಿಪ್ಪೆಯೋ ಎಂಬುದಕ್ಕೆ ಶುಗರ್ ಟೆಸ್ಟ್ ಸುಳಿವು ಕೊಡುತ್ತದೆ. ಔಷಧಿ ಮೈಗೆ ಹತ್ತುತ್ತಿದೆಯೇ ಎಂದು ತಿಳಿಯಲು, ಥೈರಾಯ್ಡ್ ಗುಳಿಗೆ ಇದ್ದರೆ ಟಿಎಸ್‌ಎಚ್, ವಾರ್ಫರಿನ್ ಇದ್ದರೆ ಐಎನ್‌ಆರ್ ತಪ್ಪದೆ ಮಾಡಿಸಿ.

4. ಓಆರ್‌ಎಸ್ ಜೇಬಿನಲ್ಲಿರಲಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ದೊಡ್ಡ ಪ್ಯಾಕೆಟ್‌ಗೆ ಸರಿಯಾಗಿ ಅಳೆದು 1 ಲೀಟರ್ ನೀರು ಹಾಕಿ. ಬರೀ ನೀರನ್ನೇ ಬಾಟಲಿಗಟ್ಟಲೆ ಕುಡಿದರೆ ಬ್ಯಾಗ್ ಇನ್ನೂ ತುಂಬುತ್ತದೆ, ಉಪ್ಪೂ ಹೋಗುತ್ತದೆ. ಕರುಳಿನಲ್ಲಿ ಎಲ್ಲವೂ ಸರಸರ ಓಡಿದರೆ ಸಾದಾ ಗುಳಿಗೆಗೂ ಟೈಮ್ ಸಿಗುವುದಿಲ್ಲ. ಬ್ಯಾಗಿಗೆ ದಿನಕ್ಕೆ 1500 ಮಿ.ಲೀ. ಮೀರಿ ಹೋದರೆ ಅಂದೇ ಡಾಕ್ಟರಿಗೆ ತಿಳಿಸಿ. ಅವರು ಲೋಪೆರಮೈಡ್ ಬರೆದುಕೊಟ್ಟರೆ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಿ.

5. ಭೇದಿ ಮಾಡಿಸುವ ಗುಳಿಗೆ ಮುಟ್ಟಬೇಡಿ. ಮೈಯ ನೀರು, ಉಪ್ಪು ಎರಡೂ ಖಾಲಿಯಾಗುತ್ತವೆ. ಮೆಗ್ನೀಸಿಯಮ್ ಇರುವ ಆಂಟಾಸಿಡ್, ಬಿಪಿಗೆ ಕೊಡುವ ಮೂತ್ರದ ಗುಳಿಗೆ ಬಗ್ಗೆಯೂ ಡಾಕ್ಟರನ್ನು ಕೇಳಿ.

6. ಡಿಸ್ಚಾರ್ಜ್ ಸಮ್ಮರಿ ಓದಿಸಿಕೊಳ್ಳಿ. ಎಷ್ಟು ಕರುಳು ತೆಗೆದಿದ್ದಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸಣ್ಣ ಕರುಳಿನ ಕೊನೆಯ ಭಾಗವೇ ಬಿ12 ಹೀರುವುದು. ಅದು ಹೋಗಿದ್ದರೆ ಇಂಜೆಕ್ಷನ್ ಬೇಕಾದೀತು.