ಬಿಳಿ ಗೋಡೆಯ ಮುಂದೆ ಆಟೊ ಫ್ಲ್ಯಾಶ್

ಅಲ್ ನಹ್ದಾದ ನಿಮ್ಮ ಫ್ಲ್ಯಾಟಿನಲ್ಲಿ ತೆಗೆದ ವರಮಹಾಲಕ್ಷ್ಮಿ ಪೂಜೆಯ ಫೋಟೊಗಳಲ್ಲಿ ಮುಖಗಳು ಮಂಕಾಗಿದ್ದರೆ, ಫ್ಲ್ಯಾಶ್ ಕೆಟ್ಟಿದೆ ಎಂದು ಎಸೆಯಬೇಡಿ. ಆಟೊ ಫ್ಲ್ಯಾಶಿನ ಮುಂಭಾಗದ ಸೆನ್ಸರ್ ಎದುರಿನಿಂದ ಮರಳಿದ ಬೆಳಕನ್ನು ಅಳೆದು, ಸಾಕೆನಿಸಿದ ಕ್ಷಣವೇ ಮಿಂಚನ್ನು ಕಡಿದುಬಿಡುತ್ತದೆ. ಜನರ ಹಿಂದೆಯೇ ಬಿಳಿ ಗೋಡೆಯಿದ್ದರೆ ಆ ಕ್ಷಣ ಬೇಗ ಬರುತ್ತದೆ. ಹಾಗಾಗಿ ಫ್ಲ್ಯಾಶಿನ ಡಯಲ್ ಮುಟ್ಟದೆ, ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಲೆನ್ಸ್ ತೆರೆಯಿರಿ: ಎಫ್/5.6 ಬದಲು ಎಫ್/4. ಕ್ಯಾಮೆರಾದ ಮೀಟರನ್ನೇ ನಂಬಬಾರದೇಕೆ ಎನ್ನಬಹುದು. ಪೆಂಟಾಕ್ಸ್ ಕೆ1000ರಂಥ ಕ್ಯಾಮೆರಾದ ಮೀಟರ್ ಕೋಣೆಯ ಬೆಳಕನ್ನಷ್ಟೇ ಬಲ್ಲದು, ಇನ್ನೂ ಹೊಳೆಯದ ಮಿಂಚನ್ನಲ್ಲ. (ಅದರ ಶಟರನ್ನು 1/60 ಸೆಕೆಂಡಿನಲ್ಲೇ ಇಡಿ, ವೇಗ ಹೆಚ್ಚಿಸಿದರೆ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ.) ಬೆಳಕು ಅತಿಯಾದೀತೆಂಬ ಭಯ ಬೇಡ: ಕಲರ್ ನೆಗೆಟಿವ್ ಒಂದು ಸ್ಟಾಪ್ ಹೆಚ್ಚನ್ನು ಸಲೀಸಾಗಿ ತಾಳುತ್ತದೆ, ಕೊರತೆಯಾದರೆ ನೆರಳಿನ ವಿವರ ಮರಳಿ ಬಾರದು. ಸ್ಲೈಡ್ ಫಿಲ್ಮಿಗೆ ಮಾತ್ರ ಅರ್ಧ ಸ್ಟಾಪಿಗೇ ನಿಲ್ಲಿಸಿ.